ಬರದ ನಾಡಿನ ಲೆಕ್ಕಿಗ: ಶಂಕರರಾವ ಚವ್ಹಾಣ ಮತ್ತು ಗಡಿ ತಾಲೂಕುಗಳ ಪಾಲು

ಗಡಿನಾಡಿನ ಕನ್ನಡಿಗರಾದ ನಾವು ನಮ್ಮ ಇತಿಹಾಸವನ್ನು ಬರೆಯುವಾಗ ಶಾಸನಗಳಿಂದ, ದೇವಾಲಯಗಳಿಂದ, ಶರಣ ಪರಂಪರೆಯಿಂದ ಆರಂಭಿಸುವುದು ರೂಢಿ. ಕಲ್ಯಾಣದ ಚಾಲುಕ್ಯರ ರಾಜಧಾನಿ ಉಮರಗಾದಿಂದ ಒಂದು ಹಗಲಿನ ಬಂಡಿ ಪ್ರಯಾಣದಷ್ಟು ದೂರದಲ್ಲಿರುವಾಗ ಹಾಗೆ ಆರಂಭಿಸುವುದು ಸಹಜವೂ ಹೌದು. ಆದರೆ ಉಮರಗಾ, ನಿಲಂಗಾ, ಉದಗೀರ ತಾಲೂಕುಗಳಿಗೆ ಇನ್ನೊಂದು ಇತಿಹಾಸವಿದೆ. ಅದು ಕಡತಗಳಲ್ಲಿ, ಅಂದಾಜು ಪತ್ರಿಕೆಗಳಲ್ಲಿ, ನೀರಿನ ಹಂಚಿಕೆಯ ಒಪ್ಪಂದಗಳಲ್ಲಿ ಬರೆದಿಟ್ಟ ಇತಿಹಾಸ. ಯಾವ ಊರಿಗೆ ಕಾಲುವೆ ಬಂತು, ಯಾವ ಊರಿಗೆ ಬರಲಿಲ್ಲ; ಯಾವ ಜಿಲ್ಲೆ ಹಿಂದುಳಿದದ್ದೆಂದು ಎಣಿಕೆಯಾಯಿತು, ಯಾವ ತಾಲೂಕು ಎಣಿಕೆಗೇ ಸಿಗಲಿಲ್ಲ ಎಂಬುದನ್ನು ಆ ಇತಿಹಾಸ ಹೇಳುತ್ತದೆ. ಅದನ್ನು ಓದದೆ ನಮ್ಮ ಇಂದಿನ ಸ್ಥಿತಿ ಅರ್ಥವಾಗುವುದಿಲ್ಲ.

ಈ ಇತಿಹಾಸದ ನಡುವೆ ನಿಂತಿರುವ ವ್ಯಕ್ತಿ ಶಂಕರರಾವ ಭಾವುರಾವ ಚವ್ಹಾಣ. ಎರಡು ಸಲ ಮಹಾರಾಷ್ಟ್ರದ ಮುಖ್ಯಮಂತ್ರಿ, ಕೇಂದ್ರದಲ್ಲಿ ಶಿಕ್ಷಣ, ರಕ್ಷಣೆ, ಗೃಹ, ಹಣಕಾಸು ಖಾತೆಗಳ ಮಂತ್ರಿ, 1981ರಿಂದ 1984ರವರೆಗೆ ಯೋಜನಾ ಆಯೋಗದ ಉಪಾಧ್ಯಕ್ಷ. ಪ್ರಧಾನಮಂತ್ರಿಯೇ ಅಧ್ಯಕ್ಷರಾಗಿರುತ್ತಿದ್ದ ಆ ಆಯೋಗದಲ್ಲಿ ದಿನನಿತ್ಯದ ಹೊಣೆ ಉಪಾಧ್ಯಕ್ಷರದೇ. ಮರಾಠವಾಡದ ಬರದ ನೆಲದಲ್ಲಿ ಹುಟ್ಟಿದವರೊಬ್ಬರು ಇಡೀ ದೇಶದ ಯೋಜನೆಯ ಕಡತವನ್ನು ಕೈಯಲ್ಲಿ ಹಿಡಿದ ಅಪರೂಪದ ಸಂದರ್ಭ ಅದು. ಅವರು ಕನ್ನಡಿಗರಲ್ಲ, ನಮ್ಮ ತಾಲೂಕುಗಳವರೂ ಅಲ್ಲ. ಹಾಗಿದ್ದರೂ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆಯಲ್ಲಿ ಅವರನ್ನು ಕುರಿತು ಬರೆಯಲು ನಮಗೆ ಕಾರಣವಿದೆ. ಹಿಂದುಳಿದಿರುವಿಕೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆ ಅವರ ಬದುಕಿನ ಉದ್ದಕ್ಕೂ ಹರಿದಿದೆ. ಅದೇ ಪ್ರಶ್ನೆ ಇಂದಿಗೂ ನಮ್ಮ ಮೂರು ತಾಲೂಕುಗಳ ಹೊಸ್ತಿಲಲ್ಲಿ ಉತ್ತರಕ್ಕಾಗಿ ಕಾದು ನಿಂತಿದೆ.

ಒಂದೇ ಸಂಸ್ಥಾನದ ಮಕ್ಕಳು

ಶಂಕರರಾವ ಚವ್ಹಾಣರು ಹುಟ್ಟಿದ್ದು 1920ರ ಜುಲೈ 14ರಂದು, ಗೋದಾವರಿಯ ದಂಡೆಯ ಪೈಠಣದಲ್ಲಿ. ಆಗ ಪೈಠಣವೂ, ಅವರ ಮುಂದಿನ ಕಾರ್ಯಕ್ಷೇತ್ರವಾದ ನಾಂದೇಡವೂ, ನಮ್ಮ ಉಮರಗಾ, ನಿಲಂಗಾ, ಉದಗೀರಗಳೂ, ಬೀದರ, ಕಲಬುರಗಿ, ರಾಯಚೂರುಗಳೂ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು. ಕಾನೂನು ಓದಿದ ಈ ತರುಣ, ಸಂಸ್ಥಾನದ ವಿಮೋಚನಾ ಹೋರಾಟದಲ್ಲಿ ಸ್ವಾಮಿ ರಾಮಾನಂದ ತೀರ್ಥರ ಅನುಯಾಯಿಯಾದರು. ಇಲ್ಲಿಯೇ ಕನ್ನಡದ ಮೊದಲ ಎಳೆ ಕಾಣುತ್ತದೆ. ಮರಾಠವಾಡದ ಜನ ತಮ್ಮ ವಿಮೋಚನೆಯ ಮುಂದಾಳೆಂದು ಪೂಜಿಸುವ ರಾಮಾನಂದ ತೀರ್ಥರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಅವರು ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಪಾಠ ಹೇಳಿದರು, ಆ ಬಳಿಕ ಅಂಬೇಜೋಗಾಯಿಯಲ್ಲಿ ನೆಲೆಸಿದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಕಲಬುರಗಿಯಿಂದ ಲೋಕಸಭೆಗೆ ಆರಿಸಿ ಹೋದರು. ಭಾಷೆಯ ಗೆರೆಗಳು ಇನ್ನೂ ಗಟ್ಟಿಯಾಗಿರದಿದ್ದ ಕಾಲದ ಸಾರ್ವಜನಿಕ ಜೀವನ ಹೀಗಿತ್ತು. ಗುರು ಸಿಂದಗಿಯವರು, ಶಿಷ್ಯ ಪೈಠಣದವರು, ಹೋರಾಟದ ನೆಲ ನಮ್ಮೆಲ್ಲರದು.

1948ರ ಸಪ್ಟೆಂಬರ 17ರಂದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಇಂದು ಅದೇ ದಿನವನ್ನು ಗಡಿಯ ಈಚೆ ಮರಾಠವಾಡಾ ಮುಕ್ತಿ ಸಂಗ್ರಾಮ ದಿನವೆಂದೂ, ಗಡಿಯ ಆಚೆ ಕಲ್ಯಾಣ ಕರ್ನಾಟಕ ಉತ್ಸವ ದಿನವೆಂದೂ ಆಚರಿಸುತ್ತಾರೆ. ಧ್ವಜ ಒಂದೇ, ದಿನ ಒಂದೇ, ಭಾಷಣದ ಭಾಷೆ ಮಾತ್ರ ಬೇರೆ.

1956ರ ನವೆಂಬರ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಹೈದರಾಬಾದ ರಾಜ್ಯ ಮೂರು ಪಾಲಾಯಿತು. ಬೀದರ ಜಿಲ್ಲೆಯೂ ಮೂರು ಪಾಲಾಯಿತು. ಅದರ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ, ಉಳಿದದ್ದು ಮೈಸೂರು ರಾಜ್ಯಕ್ಕೆ ಹೋದವು. ಬೀದರದ ಕಚೇರಿಯಲ್ಲಿ ಕಂದಾಯ ಕಟ್ಟುತ್ತಿದ್ದ ನಿಲಂಗಾ ಮತ್ತು ಉದಗೀರದ ರೈತ ಅಂದಿನಿಂದ ಉಸ್ಮಾನಾಬಾದಿನ ದಾರಿ ಹಿಡಿದ. 1982ರಲ್ಲಿ ಲಾತೂರು ಜಿಲ್ಲೆ ರಚನೆಯಾದಾಗ ಆ ದಾರಿ ಮತ್ತೆ ಬದಲಾಯಿತು. ಉಮರಗಾ ಉಸ್ಮಾನಾಬಾದಿನಲ್ಲೇ, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲೇ, ಉಳಿಯಿತು. ಜನರ ಮನೆಮಾತು ಬದಲಾಗಲಿಲ್ಲ, ಬೀಗತನ ಬದಲಾಗಲಿಲ್ಲ, ಜಾತ್ರೆಗಳು ಬದಲಾಗಲಿಲ್ಲ. ಅರ್ಜಿ ಕೊಡಬೇಕಾದ ಊರು ಮಾತ್ರ ಬದಲಾಯಿತು. ಯೋಜನೆಯ ಯುಗದಲ್ಲಿ ಅದು ಸಣ್ಣ ಬದಲಾವಣೆಯಲ್ಲ. ಅರ್ಜಿ ಯಾವ ಊರಿಗೆ ಹೋಗುತ್ತದೆಯೋ ಲೆಕ್ಕವೂ ಆ ಊರಿನದೇ ಆಗುತ್ತದೆ.

ನೀರಾವರಿ ಮಂತ್ರಿ

ಪುನರ್ವಿಂಗಡಣೆಯ ಹೊತ್ತಿಗೆ ಚವ್ಹಾಣರು ದ್ವಿಭಾಷಿಕ ಮುಂಬಯಿ ರಾಜ್ಯದಲ್ಲಿ ಉಪಮಂತ್ರಿಯಾದರು. 1960ರಲ್ಲಿ ಮಹಾರಾಷ್ಟ್ರ ಉದಯಿಸಿದ ಮೇಲೆ ನೀರಾವರಿ ಮತ್ತು ವಿದ್ಯುತ್ ಖಾತೆಯನ್ನು ದೀರ್ಘ ಕಾಲ ನಿರ್ವಹಿಸಿದರು. ನಿಜಾಮರ ಕಾಲದಲ್ಲಿ ದೊಡ್ಡ ನೀರಾವರಿ ಕೆಲಸಗಳೆಲ್ಲ ಹೆಚ್ಚಾಗಿ ತೆಲಂಗಾಣದಲ್ಲಿ ನಡೆದಿದ್ದವು. ಮಂಜರಾ ನದಿಗೆ ಕಟ್ಟಿದ ನಿಜಾಮಸಾಗರ ಅದಕ್ಕೆ ಸಾಕ್ಷಿ. ನದಿ ಹುಟ್ಟಿ ಹರಿದು ಬರುವ ಮರಾಠವಾಡಕ್ಕೂ, ನಡುವೆ ದಾಟಿ ಹೋಗುವ ಬೀದರಕ್ಕೂ ಆಗ ಹೆಚ್ಚಿನ ಪ್ರಯೋಜನ ಸಿಗಲಿಲ್ಲ. ಈ ಕೊರತೆಯನ್ನು ತುಂಬುವುದೇ ತಮ್ಮ ಕೆಲಸವೆಂದು ಚವ್ಹಾಣರು ತಿಳಿದರು.

ಅವರ ಹೆಸರಿನೊಂದಿಗೆ ಬೆಸೆದುಕೊಂಡ ಯೋಜನೆ ಜಾಯಕವಾಡಿ. ಹೈದರಾಬಾದ ರಾಜ್ಯದ ಕಾಲದಲ್ಲಿ ಬೀಡ ಜಿಲ್ಲೆಯ ಜಾಯಕವಾಡಿ ಎಂಬ ಹಳ್ಳಿಯ ಬಳಿ ಅಣೆಕಟ್ಟೆಯ ಆಲೋಚನೆಯಿತ್ತು. ಮುಂದೆ ಸ್ಥಳ ಬದಲಾಗಿ ಪೈಠಣಕ್ಕೆ ಬಂತು. ಹಳ್ಳಿಯ ಹೆಸರು ಮಾತ್ರ ಯೋಜನೆಗೆ ಅಂಟಿಕೊಂಡು ಉಳಿಯಿತು. 1965ರ ಅಕ್ಟೋಬರ 18ರಂದು ಪ್ರಧಾನಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. 1976ರ ಫೆಬ್ರುವರಿ 24ರಂದು ಇಂದಿರಾ ಗಾಂಧಿಯವರು ಅದನ್ನು ಲೋಕಾರ್ಪಣೆ ಮಾಡಿದಾಗ ಚವ್ಹಾಣರೇ ಮುಖ್ಯಮಂತ್ರಿ. ಸುಮಾರು 10 ಕಿಲೋಮೀಟರ ಉದ್ದದ ಮಣ್ಣಿನ ಕಟ್ಟೆ, 27 ಬಾಗಿಲುಗಳು, 102 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ನಾಥಸಾಗರ, 208 ಕಿಲೋಮೀಟರ ಎಡದಂಡೆ ಕಾಲುವೆ, 132 ಕಿಲೋಮೀಟರ ಬಲದಂಡೆ ಕಾಲುವೆ. ನೂರಕ್ಕೂ ಹೆಚ್ಚು ಹಳ್ಳಿಗಳು ಅದರಿಂದ ಬಾಧಿತವಾದವು ಎಂಬುದನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು. ಪೂರ್ಣಾ ನದಿಯ ಯೇಲದರಿ, ಸಿದ್ಧೇಶ್ವರ ಜಲಾಶಯಗಳೂ, ನಾಂದೇಡದ ಬಳಿಯ ವಿಷ್ಣುಪುರಿ ಏತ ನೀರಾವರಿಯೂ ಇದೇ ಸಾಲಿನವು. ವಿಷ್ಣುಪುರಿಯ ಜಲಾಶಯಕ್ಕೆ ಇಂದು ಶಂಕರಸಾಗರವೆಂದೇ ಹೆಸರು.

ಅಣೆಕಟ್ಟೆ ಕಟ್ಟುವುದು ಒಂದು ಕೆಲಸ. ನೀರಿನ ಹಕ್ಕನ್ನು ಕಾಗದದ ಮೇಲೆ ಪಡೆಯುವುದು ಇನ್ನೊಂದು ಕೆಲಸ. ಗೋದಾವರಿ ಜಲವಿವಾದ ನ್ಯಾಯಮಂಡಳಿ 1969ರಲ್ಲಿ ನೇಮಕವಾಗಿತ್ತು. ತೀರ್ಪಿಗಾಗಿ ಕಾಯುತ್ತ ಕೂರದೆ ರಾಜ್ಯಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು 1975ರಲ್ಲಿ ಒಪ್ಪಂದಗಳಿಗೆ ಬಂದವು. ಚವ್ಹಾಣರು ಮುಖ್ಯಮಂತ್ರಿಯಾಗಿದ್ದಾಗ, ಅದೇ ವರ್ಷದ ಅಕ್ಟೋಬರದಲ್ಲಿ, ಮಹಾರಾಷ್ಟ್ರ ಮತ್ತು ಆಂಧ್ರಗಳ ನಡುವೆ ಆದ ಒಪ್ಪಂದದಂತೆ ಪೈಠಣದವರೆಗಿನ ಗೋದಾವರಿಯ ನೀರೂ ಸಿದ್ಧೇಶ್ವರದವರೆಗಿನ ಪೂರ್ಣಾ ನದಿಯ ನೀರೂ ಮಹಾರಾಷ್ಟ್ರದ ಬಳಕೆಗೆ ದೊರೆತವು. ಅಲ್ಲಿಂದ ಕೆಳಗೆ ಪೋಚಂಪಾಡುವರೆಗೆ ಹೊಸ ಯೋಜನೆಗಳಿಗೆ 60 ಟಿಎಂಸಿಯ ಮಿತಿ ಗೊತ್ತಾಯಿತು. ಮಂಜರಾ ನದಿಯ ಬಗ್ಗೆ ಕರ್ನಾಟಕ ಮತ್ತು ಆಂಧ್ರಗಳು ಅದೇ ವರ್ಷ ಪ್ರತ್ಯೇಕ ಒಪ್ಪಂದ ಮಾಡಿಕೊಂಡವು. ಬೀದರ ಜಿಲ್ಲೆಯ ಕಾರಂಜಾ ಯೋಜನೆಗೂ, ಹೈದರಾಬಾದ ನಗರಕ್ಕೆ ಕುಡಿಯುವ ನೀರು ಕೊಡುವ ಸಿಂಗೂರು ಜಲಾಶಯಕ್ಕೂ ದಾರಿ ತೆರೆದದ್ದು ಅದರಿಂದ. 1980ರ ಅಂತಿಮ ತೀರ್ಪಿನಲ್ಲಿ ನ್ಯಾಯಮಂಡಳಿ ಈ ಒಪ್ಪಂದಗಳನ್ನು ಎತ್ತಿ ಹಿಡಿಯಿತು.

ನೆರೆಯ ರಾಜ್ಯಗಳ ನಡುವಿನ ನೀರಿನ ಜಗಳ ನ್ಯಾಯಾಲಯದ ಬಾಗಿಲಲ್ಲಿ ದಶಕಗಟ್ಟಲೆ ಕೊಳೆಯುವುದನ್ನು ಕಂಡ ನಮಗೆ ಈ ಒಪ್ಪಂದಗಳ ಬೆಲೆ ತಿಳಿಯುತ್ತದೆ. ಆದರೆ ಪಟ್ಟಿಯನ್ನು ಮತ್ತೊಮ್ಮೆ ಓದಿದರೆ ಇನ್ನೊಂದು ಮಾತೂ ತಿಳಿಯುತ್ತದೆ. ಪೈಠಣ, ನಾಂದೇಡ, ಪೂರ್ಣಾ ಎಲ್ಲವೂ ಉತ್ತರದ ಗೋದಾವರಿ ಬಯಲಿನವು. ಬಾಲಾಘಾಟದ ದಿಣ್ಣೆಯ ದಕ್ಷಿಣಕ್ಕೂ ಪೂರ್ವಕ್ಕೂ ಇರುವ ನಮ್ಮ ತಾಲೂಕುಗಳಿಗೆ ಆ ಕಾಲುವೆಗಳು ಬರುವಂತಿರಲಿಲ್ಲ. ಇಲ್ಲಿಯ ನೀರು ಬೇರೆ ದಾರಿ ಹಿಡಿಯುತ್ತದೆ. ತೇರಣಾ ಮಂಜರೆಯನ್ನು ಸೇರುತ್ತದೆ. ಉದಗೀರದ ಕಡೆಯ ಲೇಂಡಿ ದೇಗಲೂರಿನತ್ತ ಇಳಿಯುತ್ತದೆ. ಉಮರಗಾದ ಬೆಣ್ಣೆತೊರೆ, ಹೆಸರಿನಲ್ಲೇ ಕನ್ನಡವನ್ನು ಹೊತ್ತು, ಕಲಬುರಗಿ ಜಿಲ್ಲೆಗೆ ಹರಿದು ಕಾಗಿಣಾ ಮತ್ತು ಭೀಮೆಯ ಮೂಲಕ ಕೃಷ್ಣೆಯ ಪಾಲಾಗುತ್ತದೆ. ಮಾಕಣಿಯ ಕೆಳ ತೇರಣಾ ಜಲಾಶಯ, ಮುರುಮದ ಬಳಿಯ ಬೆಣ್ಣೆತೊರೆಯ ಮಧ್ಯಮ ಯೋಜನೆ ಮೊದಲಾದ ಸಣ್ಣ, ಮಧ್ಯಮ ಕೆಲಸಗಳಷ್ಟೇ ನಮ್ಮ ಪಾಲಿಗೆ ಬಂದವು. ಲೇಂಡಿಯ ಅಂತರರಾಜ್ಯ ಯೋಜನೆ 1980ರ ದಶಕದಲ್ಲಿ ಆರಂಭವಾಗಿ ದಶಕಗಳ ಕಾಲ ಮುಗಿಯದೆ ಉಳಿಯಿತು. ನೀರು ಗಡಿ ದಾಟಿ ಹೋಗುತ್ತಿತ್ತು. ಕಡತ ಗಡಿಯಲ್ಲಿ ನಿಲ್ಲುತ್ತಿತ್ತು.

ದಿಲ್ಲಿಯ ಅಳತೆಗೋಲು

1980ರಲ್ಲಿ ನಾಂದೇಡದಿಂದ ಲೋಕಸಭೆಗೆ ಆರಿಸಿ ಬಂದ ಚವ್ಹಾಣರು ಮೊದಲು ಶಿಕ್ಷಣ ಮಂತ್ರಿಯಾಗಿ, 1981ರ ಆಗಸ್ಟದಲ್ಲಿ ಯೋಜನಾ ಮಂತ್ರಿ ಹಾಗೂ ಆಯೋಗದ ಉಪಾಧ್ಯಕ್ಷರಾದರು. ಆರನೆಯ ಪಂಚವಾರ್ಷಿಕ ಯೋಜನೆ ನಡೆಯುತ್ತಿದ್ದ ಕಾಲ. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಕಾರ್ಯಕ್ರಮ ಆಗಲೇ ಶುರುವಾಗಿತ್ತು. 1983ರ ಆಗಸ್ಟದಲ್ಲಿ ಭೂಹೀನರಿಗಾಗಿ ಉದ್ಯೋಗ ಖಾತರಿಯ ಇನ್ನೊಂದು ಕಾರ್ಯಕ್ರಮ ಬಂತು. 1972ರ ಭೀಕರ ಬರದಲ್ಲಿ ಮಹಾರಾಷ್ಟ್ರ ಕಲಿತ ಪಾಠ, ಅಂದರೆ ಬರದ ಮನುಷ್ಯನಿಗೆ ದಾನ ಬೇಡ, ಕೆಲಸ ಕೊಡಿ ಎಂಬ ಪಾಠ, ನಿಧಾನವಾಗಿ ದೇಶದ ನೀತಿಯಾಗುತ್ತಿತ್ತು. ಏಳನೆಯ ಯೋಜನೆಯ ದಿಕ್ಕನ್ನು ನಿರ್ಧರಿಸಿದ ಪತ್ರ 1984ರ ಜುಲೈಯಲ್ಲಿ ರಾಷ್ಟ್ರೀಯ ಅಭಿವೃದ್ಧಿ ಮಂಡಳಿಯ ಮುಂದೆ ಬಂದಾಗ ಅದರ ತಿರುಳು ಆಹಾರ, ಉದ್ಯೋಗ, ಉತ್ಪಾದಕತೆ ಎಂಬ ಮೂರು ಮಾತುಗಳಾಗಿದ್ದವು.

ಆ ವರ್ಷಗಳ ಆರಂಭದಲ್ಲಿ, 1983ರವರೆಗೆ, ಚೀನಾದ ಯೋಜನಾ ಆಯೋಗದ ಚುಕ್ಕಾಣಿ ಹಿಡಿದಿದ್ದವರು ಉಪಪ್ರಧಾನಿ ಯಾವೊ ಯಿಲಿನ್. ಇಬ್ಬರೂ ರಾಜಕೀಯದಲ್ಲಿ ಪಳಗಿ ಯೋಜನೆಗೆ ಬಂದವರು. ಆದರೆ ಅಲ್ಲಿ ಯೋಜನೆಯ ಗುರಿಯೆಂದರೆ ಪ್ರಾಂತಗಳಿಗೆ ಆಜ್ಞೆ. ಇಲ್ಲಿ ರಾಜ್ಯಗಳೊಂದಿಗೆ ಚೌಕಾಶಿ. ಭಾರತದ ಯೋಜಕನ ಕೈಯಲ್ಲಿ ದಂಡವಿರಲಿಲ್ಲ, ಸೂತ್ರವಿತ್ತು. ಆ ಸೂತ್ರ ಹೇಗಿದೆಯೋ ಹಾಗೆ ಹಣ ಹರಿಯುತ್ತಿತ್ತು. ಆದ್ದರಿಂದ ಸೂತ್ರವನ್ನೇ ನಾವು ನೋಡಬೇಕು.

ರಾಜ್ಯಗಳಿಗೆ ಕೇಂದ್ರದ ಯೋಜನಾ ನೆರವನ್ನು ಹಂಚುತ್ತಿದ್ದದ್ದು ಗಾಡ್ಗೀಳ ಸೂತ್ರ. 1980ರಲ್ಲಿ ತಿದ್ದಿದ ಅದರ ರೂಪದಲ್ಲಿ ಶೇಕಡಾ 60 ಭಾಗ ಜನಸಂಖ್ಯೆಗೆ, 20 ಭಾಗ ತಲಾ ಆದಾಯಕ್ಕೆ, 10 ಭಾಗ ತೆರಿಗೆ ಪ್ರಯತ್ನಕ್ಕೆ, 10 ಭಾಗ ವಿಶೇಷ ಸಮಸ್ಯೆಗಳಿಗೆ. ತಲಾ ಆದಾಯದ 20 ಭಾಗ ಸಿಗುತ್ತಿದ್ದದ್ದು ರಾಷ್ಟ್ರದ ಸರಾಸರಿಗಿಂತ ಕೆಳಗಿದ್ದ ರಾಜ್ಯಗಳಿಗೆ ಮಾತ್ರ. ಮಹಾರಾಷ್ಟ್ರ ಶ್ರೀಮಂತ ರಾಜ್ಯ. ಅದಕ್ಕೆ ಆ ಭಾಗ ಇಲ್ಲ. ಮುಂಬಯಿಯ ಗಿರಣಿ, ಬಂದರು, ಬ್ಯಾಂಕುಗಳ ಆದಾಯವನ್ನೂ ಉದಗೀರದ ಜೋಳದ ಹೊಲದ ಆದಾಯವನ್ನೂ ಒಂದೇ ರಾಶಿಗೆ ಸುರಿದು ತಲೆ ಎಣಿಸಿ ಭಾಗಿಸಿದರೆ ಬರುವ ಸಂಖ್ಯೆಯಲ್ಲಿ ಉದಗೀರ ಕಾಣುವುದಿಲ್ಲ. ಮರಾಠವಾಡದ ಬಡತನವನ್ನು ಬಲ್ಲ ವ್ಯಕ್ತಿಯೇ ಉಪಾಧ್ಯಕ್ಷರ ಪೀಠದಲ್ಲಿದ್ದರು; ಆದರೆ ಅವರ ಮುಂದಿದ್ದ ಅಳತೆಗೋಲಿನ ಅತಿ ಸಣ್ಣ ಮನೆ ರಾಜ್ಯವೇ ಆಗಿತ್ತು. ಅವರ ಬದುಕಿನ ದೊಡ್ಡ ವಿಪರ್ಯಾಸ ಇದೆಂದು ನಮಗೆ ತೋರುತ್ತದೆ.

ಜಿಲ್ಲೆ, ತಾಲೂಕು, ಮನೆ

ಮರಾಠವಾಡವು ಮಹಾರಾಷ್ಟ್ರವನ್ನು ಸೇರಿದ್ದು ಬರಿಗೈಯಲ್ಲಿ ಅಲ್ಲ, ಒಂದು ಭರವಸೆಯೊಂದಿಗೆ. 1953ರ ಸಪ್ಟೆಂಬರ 28ರ ನಾಗಪುರ ಒಪ್ಪಂದ ವಿದರ್ಭ ಮತ್ತು ಮರಾಠವಾಡಗಳಿಗೆ ನ್ಯಾಯವಾದ ಪಾಲನ್ನು ವಾಗ್ದಾನ ಮಾಡಿತ್ತು. ಸಂವಿಧಾನದ 371ನೇ ವಿಧಿಯಲ್ಲೂ ಪ್ರಾದೇಶಿಕ ಅಭಿವೃದ್ಧಿ ಮಂಡಳಿಗಳ ಅವಕಾಶವಿತ್ತು. ವಾಗ್ದಾನ ಎಷ್ಟು ನೆರವೇರಿತು ಎಂದು ಅಂಕಿಗಳಲ್ಲಿ ತೋರಿಸಿದ್ದು ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ ಅವರ ಸತ್ಯಶೋಧನ ಸಮಿತಿ. 1983ರಲ್ಲಿ ನೇಮಕವಾಗಿ 1984ರಲ್ಲಿ ವರದಿ ಕೊಟ್ಟ ಈ ಸಮಿತಿ ರಸ್ತೆ, ನೀರಾವರಿ, ಹಳ್ಳಿಗಳ ವಿದ್ಯುದೀಕರಣ, ಶಿಕ್ಷಣ, ತಾಂತ್ರಿಕ ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಭೂ ಅಭಿವೃದ್ಧಿ, ಪಶುವೈದ್ಯ ಎಂಬ ಒಂಬತ್ತು ಬಾಬುಗಳಲ್ಲಿ ಪ್ರತಿ ಜಿಲ್ಲೆಯನ್ನು ರಾಜ್ಯದ ಸರಾಸರಿಗೆ ಹೋಲಿಸಿತು. ಒಟ್ಟು ಕೊರತೆ ಸುಮಾರು 3,187 ಕೋಟಿ ರೂಪಾಯಿ. ಅದರಲ್ಲಿ ಮರಾಠವಾಡದ್ದು ಸುಮಾರು 751 ಕೋಟಿ ಎಂದು ಲೆಕ್ಕ ಹಾಕಿತು. ‘ಅನುಶೇಷ’ ಎಂಬ ಶಬ್ದ, ಅಂದರೆ ಕೊಡಬೇಕಾಗಿದ್ದು ಕೊಡದೆ ಉಳಿಸಿಕೊಂಡ ಬಾಕಿ, ಮಹಾರಾಷ್ಟ್ರದ ರಾಜಕಾರಣದ ನಿತ್ಯದ ಮಾತಾದದ್ದು ಅಂದಿನಿಂದ. ಮಂಡಳಿಗಳು ಸ್ಥಾಪನೆಯಾಗಲು ಮಾತ್ರ 1994ರವರೆಗೆ ಕಾಯಬೇಕಾಯಿತು. ಅವುಗಳ ಅವಧಿ 2020ರಲ್ಲಿ ಮುಗಿಯಿತು.

ದಾಂಡೇಕರರ ಅಳತೆಗೋಲು ರಾಜ್ಯದಿಂದ ಜಿಲ್ಲೆಗೆ ಇಳಿಯಿತು. ಇದು ದೊಡ್ಡ ಹೆಜ್ಜೆ. ಆದರೆ ಜಿಲ್ಲೆಯ ಒಳಗೂ ಮುಂಬಯಿ ಇರುತ್ತದೆ, ಉದಗೀರ ಇರುತ್ತದೆ. ಜಿಲ್ಲಾ ಕೇಂದ್ರದ ಕಾಲೇಜು, ಆಸ್ಪತ್ರೆ, ಮಾರುಕಟ್ಟೆಗಳು ಗಡಿಯ ಹಳ್ಳಿಯ ಲೆಕ್ಕವನ್ನೂ ಎತ್ತರಿಸಿ ತೋರಿಸುತ್ತವೆ.

ಈ ಒಂದು ಮೆಟ್ಟಿಲನ್ನು ಇಳಿದವರು ಗಡಿಯ ಆಚೆಯ ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪ. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ಕರ್ನಾಟಕ ಸರಕಾರ ನೇಮಿಸಿದ ಅವರ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅಂದಿನ 175 ತಾಲೂಕುಗಳನ್ನು 35 ಸೂಚಕಗಳಿಂದ ಅಳೆದು 114 ತಾಲೂಕುಗಳು ಹಿಂದುಳಿದಿವೆ ಎಂದಿತು; ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಕಲಬುರಗಿ ವಿಭಾಗದ 31 ತಾಲೂಕುಗಳಲ್ಲಿ 28 ಈ ಪಟ್ಟಿಯಲ್ಲಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತು. ಮುಂದೆ 371ಜೆ ವಿಧಿಯೂ ಆ ಭಾಗಕ್ಕೆ ದೊರೆಯಿತು. ಅಲ್ಲಿ ಎಲ್ಲವೂ ಸರಿಯಾಯಿತೆಂದು ನಾವು ಹೇಳುವುದಿಲ್ಲ. ಆದರೆ ಆಳಂದ, ಬಸವಕಲ್ಯಾಣ, ಔರಾದಗಳ ಹೆಸರು ಒಂದು ಅಧಿಕೃತ ಪಟ್ಟಿಯಲ್ಲಿ ಬಂತು. ಹೆಸರು ಬಂದ ಮೇಲೆ ಕೇಳುವ ಹಕ್ಕು ಹುಟ್ಟಿತು. ಅವುಗಳಿಗೆ ತಾಗಿಕೊಂಡೇ ಇರುವ, 1956ರವರೆಗೆ ಅವುಗಳೊಂದಿಗೆ ಒಂದೇ ಸಂಸ್ಥಾನದಲ್ಲಿ ಬದುಕಿದ ಉಮರಗಾ, ನಿಲಂಗಾ, ಉದಗೀರಗಳನ್ನು ಅದೇ ಅಳತೆಗೋಲಿನಿಂದ ಅಳೆದಿದ್ದರೆ ಏನು ಕಾಣುತ್ತಿತ್ತು? ಗಡಿಯ ಎರಡೂ ಬದಿಯ ಲೆಕ್ಕವನ್ನು ಒಂದೇ ಹಾಳೆಯ ಮೇಲೆ ಇಟ್ಟು ನೋಡುವ ಕೆಲಸ ಯಾವ ಸಮಿತಿಯ ಹೊಣೆಯೂ ಆಗಿರಲಿಲ್ಲ.

ಸರಕಾರ ಮನಸ್ಸು ಮಾಡಿದರೆ ಎಷ್ಟು ಸೂಕ್ಷ್ಮವಾಗಿ ಎಣಿಸಬಲ್ಲದು ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ಆದರೆ ಆ ಸಾಕ್ಷಿ ಅತಿ ದುಃಖದ್ದು. 1993ರ ಸಪ್ಟೆಂಬರ 30ರ ನಸುಕಿನಲ್ಲಿ ಕಿಲ್ಲಾರಿ ಮತ್ತು ಸಾಸ್ತೂರು ಪರಿಸರ ನಡುಗಿದಾಗ ಔಸಾ ಮತ್ತು ಉಮರಗಾ ತಾಲೂಕುಗಳ ಹಳ್ಳಿಗಳು ಮಣ್ಣುಗೂಡಿ, ಸಾವಿರಾರು ಜನ ಕಲ್ಲು ಮಣ್ಣಿನ ಗೋಡೆಗಳ ಕೆಳಗೆ ಪ್ರಾಣ ಬಿಟ್ಟರು. ಆಗ ಚವ್ಹಾಣರು ಕೇಂದ್ರ ಗೃಹಮಂತ್ರಿ. ವಿಶ್ವಬ್ಯಾಂಕಿನ ನೆರವಿನೊಡನೆ ನಡೆದ ಪುನರ್ವಸತಿಯಲ್ಲಿ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಲಾಯಿತು. ಸತ್ತವರನ್ನೂ ಉಳಿದವರನ್ನೂ ಬಿದ್ದ ಮನೆಗಳನ್ನೂ ಒಂದೊಂದಾಗಿ ಎಣಿಸಲಾಯಿತು. ಉಮರಗಾ ತಾಲೂಕಿನ ಮನೆಮನೆಯ ಲೆಕ್ಕ ದಿಲ್ಲಿಯನ್ನು ಮುಟ್ಟಬೇಕಾದರೆ ಭೂಮಿ ಬಿರಿಯಬೇಕಾಯಿತು ಎಂಬುದು ನಮ್ಮ ಮನಸ್ಸಿನಿಂದ ಮಾಸದ ಮಾತು.

ನೀರು ಯಾರಿಗೆ?

ದಿಲ್ಲಿಯಿಂದ ಮಹಾರಾಷ್ಟ್ರಕ್ಕೆ ಚವ್ಹಾಣರು ಮರಳಿದ್ದು 1986ರ ಮಾರ್ಚದಲ್ಲಿ. ಅವರಿಗಿಂತ ಮುಂಚೆ 1985ರ ಜೂನದಿಂದ ಮುಖ್ಯಮಂತ್ರಿಯಾಗಿದ್ದವರು ನಮ್ಮ ನಿಲಂಗಾದವರೇ ಆದ ಶಿವಾಜಿರಾವ ಪಾಟೀಲ ನಿಲಂಗೇಕರರು. ಒಂದರ ಹಿಂದೊಂದು ಇಬ್ಬರು ಮರಾಠವಾಡದವರು ರಾಜ್ಯದ ಅತ್ಯುನ್ನತ ಪೀಠದಲ್ಲಿ ಕುಳಿತರು. ಶಿಸ್ತಿಗಾಗಿ ‘ಹೆಡ್‌ಮಾಸ್ತರ’ ಎಂದೇ ಹೆಸರಾಗಿದ್ದ ಚವ್ಹಾಣರು ಈ ಅವಧಿಯಲ್ಲಿ ಎಂಟು ತಿಂಗಳ ನೀರಾವರಿಯ ನೀತಿಯನ್ನು ಹಿಡಿದು ನಿಂತರು. ಅದರ ಅರ್ಥ ಸರಳ. ಸಾರ್ವಜನಿಕ ಹಣದಿಂದ ಕಟ್ಟಿದ ಕಾಲುವೆಯ ನೀರು ಹನ್ನೆರಡು ತಿಂಗಳ ಕಬ್ಬಿಗೆ ಹರಿದರೆ ಕೆಲವರ ಹೊಲ ಮಾತ್ರ ಹಸಿರಾಗುತ್ತದೆ. ಮುಂಗಾರು, ಹಿಂಗಾರು ಎರಡು ಹಂಗಾಮಿಗೆ, ಎಂಟು ತಿಂಗಳು ಕೊಟ್ಟರೆ ಅದೇ ನೀರು ಹೆಚ್ಚು ಹಳ್ಳಿಗಳ ಜೋಳ, ಕಡಲೆ, ಗೋದಿಗೆ ಸಾಕಾಗುತ್ತದೆ. ಸಕ್ಕರೆ ಕಾರಖಾನೆಗಳ ಬಲದ ಮೇಲೆ ನಿಂತ ರಾಜಕಾರಣದಲ್ಲಿ ಇಂಥ ಮಾತಿಗೆ ಸ್ನೇಹಿತರು ಕಡಿಮೆ. 1988ರಲ್ಲಿ ಅವರು ಹಣಕಾಸು ಮಂತ್ರಿಯಾಗಿ ಮತ್ತೆ ದಿಲ್ಲಿಗೆ ಹೋದರು. 1989ರಲ್ಲಿ ಗ್ರಾಮೀಣ ಉದ್ಯೋಗದ ಎರಡು ಕಾರ್ಯಕ್ರಮಗಳು ಸೇರಿ ಜವಾಹರ ರೋಜಗಾರ ಯೋಜನೆಯಾದದ್ದು ಅವರ ಕಾಲದಲ್ಲಿಯೇ. ಇತ್ತ, ನೀರಿನ ಹಂಚಿಕೆಯ ತತ್ತ್ವ ಕಾಗದದಲ್ಲಿ ಉಳಿದು, ಕಬ್ಬು ಹೊಲದಲ್ಲಿ ಬೆಳೆಯಿತು.

ಫಲವನ್ನು ನಾವು ಕಂಡಿದ್ದೇವೆ. 2016ರ ಬೇಸಿಗೆಯಲ್ಲಿ ಮಂಜರಾ ಜಲಾಶಯ ಒಣಗಿ, ಲಾತೂರು ನಗರಕ್ಕೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಏಪ್ರಿಲದಲ್ಲಿ ಬಂದ ಮೊದಲ ರೈಲು ತಂದದ್ದು ಸುಮಾರು ಐದು ಲಕ್ಷ ಲೀಟರು. ಕೃಷ್ಣೆಯ ನೀರು ಹಳಿಯ ಮೇಲೆ ಗೋದಾವರಿಯ ಕಣಿವೆಗೆ ಬಂತು. ಆ ದಿನಗಳಲ್ಲಿ ನಗರದ ಹೆಸರು ಪತ್ರಿಕೆಗಳಲ್ಲಿ ಬಂತು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಕೊಡ ಹೊತ್ತು ಟ್ಯಾಂಕರಿನ ಮುಂದೆ ಸಾಲು ನಿಂತದ್ದು ಅಷ್ಟಾಗಿ ಬರಲಿಲ್ಲ. ಅಣೆಕಟ್ಟೆ ಕಟ್ಟುವುದರಿಂದಲೇ ಬರ ನೀಗುವುದಿಲ್ಲ, ನೀರನ್ನು ಹಂಚುವ ನೀತಿ ಇಲ್ಲದಿದ್ದರೆ ಕಟ್ಟೆಯೂ ಬರಿದಾಗುತ್ತದೆ ಎಂದು ಚವ್ಹಾಣರು ಮೂವತ್ತು ವರ್ಷ ಮೊದಲು ಹಿಡಿದ ಹಟ ಸರಿಯಾಗಿತ್ತು ಎಂಬುದನ್ನು ಆ ರೈಲು ಸಾರಿ ಹೇಳಿತು.

ಅವರ ಬದುಕು ಟೀಕೆಗೆ ಹೊರತಾದದ್ದೇನಲ್ಲ. 1992ರ ಡಿಸೆಂಬರ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿ ನೆಲಸಮವಾದಾಗ ದೇಶದ ಗೃಹಮಂತ್ರಿಯಾಗಿದ್ದವರು ಅವರೇ. ಆ ಹೊಣೆಯ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಮರಾಠವಾಡದ ಒಳಗೂ ಅವರ ಯೋಜನೆಗಳ ಫಲ ಗೋದಾವರಿಯ ದಂಡೆಗೆ ಹೆಚ್ಚು, ನಮ್ಮ ದಿಣ್ಣೆಗೆ ಕಡಿಮೆ ಬಂತೆಂಬುದನ್ನು ಮೇಲೆ ಹೇಳಿದ್ದೇವೆ. 2004ರ ಫೆಬ್ರುವರಿ 26ರಂದು ಅವರು ತೀರಿಕೊಂಡರು. ಯೋಜನಾ ಆಯೋಗವೂ 2015ರ ಆರಂಭದಲ್ಲಿ ಇಲ್ಲವಾಗಿ ನೀತಿ ಆಯೋಗಕ್ಕೆ ಜಾಗ ಬಿಟ್ಟಿತು. 2018ರಲ್ಲಿ ಆ ಹೊಸ ಆಯೋಗ ಆರಿಸಿದ ಆಕಾಂಕ್ಷಿ ಜಿಲ್ಲೆಗಳಲ್ಲಿ ಈಚೆ ಉಸ್ಮಾನಾಬಾದವೂ, ಆಚೆ ರಾಯಚೂರು, ಯಾದಗಿರಿಗಳೂ ಸೇರಿದವು. 2023ರಲ್ಲಿ 500 ಬ್ಲಾಕುಗಳ ಕಾರ್ಯಕ್ರಮ ಬಂದು ದಿಲ್ಲಿಯ ಅಳತೆಗೋಲು ಇನ್ನೊಂದು ಮೆಟ್ಟಿಲು ಇಳಿಯಿತು. ನಿಜಾಮರ ಕಾಲದ ಹಳೆಯ ನಕಾಶೆಯೇ ಬಡತನದ ಹೊಸ ನಕಾಶೆಯಲ್ಲಿ ಮತ್ತೆ ಮೂಡುತ್ತಿದೆ.

ಹಾಗಾದರೆ ಈ ಸಮ್ಮೇಳನಕ್ಕೆ ಸೇರಿದ ನಾವು ಏನು ಮಾಡಬೇಕು? ಸಾಹಿತ್ಯ ಸಭೆಯಲ್ಲಿ ಅಣೆಕಟ್ಟೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಭಾಷೆ ಬದುಕುವುದು ಬದುಕಿರುವ ಊರಿನಲ್ಲಿ. ನೀರಿಲ್ಲದ ಊರು ಗುಳೆ ಹೋಗುತ್ತದೆ. ಗುಳೆ ಹೋದ ಮನೆಯ ಮಗು ಪುಣೆಯಲ್ಲೋ ಹೈದರಾಬಾದಿನಲ್ಲೋ ಬೆಳೆದು ಅಜ್ಜಿಯ ಕನ್ನಡವನ್ನು ಅರ್ಧ ತಿಳಿದು, ಅರ್ಧ ಮರೆಯುತ್ತದೆ. ಬೆಣ್ಣೆತೊರೆಯಲ್ಲಿ ನೀರು ನಿಂತರೆ ಅದರ ದಂಡೆಯ ಕನ್ನಡವೂ ನಿಂತೀತು. ಆದ್ದರಿಂದ ಸಂಘದ ಕೆಲಸಗಳಲ್ಲಿ ಇದೂ ಒಂದಾಗಲಿ ಎಂಬುದು ನಮ್ಮ ಸೂಚನೆ. ಉಮರಗಾ, ನಿಲಂಗಾ, ಉದಗೀರಗಳ ಹಳ್ಳಿಹಳ್ಳಿಯ ಶಾಲೆ, ಬಾವಿ, ಕೆರೆ, ದವಾಖಾನೆ, ಗುಳೆ ಹೋದ ಮನೆಗಳ ಲೆಕ್ಕವನ್ನು ನಾವೇ ಬರೆದಿಡೋಣ. ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದಗಳ ಗೆಳೆಯರನ್ನು ಅದೇ ಲೆಕ್ಕ ಬರೆಯಲು ಕೇಳೋಣ. ಎರಡನ್ನೂ ಒಂದೇ ಹಾಳೆಯಲ್ಲಿ, ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚು ಹಾಕಿ ಎರಡೂ ಸರಕಾರಗಳ ಮುಂದೆ ಇಡೋಣ. ಗಡಿ ವಿವಾದದ ಮಾತು ಇಲ್ಲಿ ಬೇಕಿಲ್ಲ. ಯಾವ ರಾಜ್ಯದಲ್ಲಿದ್ದರೂ ಬಾಯಾರಿಕೆ ಒಂದೇ.

ಶಂಕರರಾವ ಚವ್ಹಾಣರು ತಮ್ಮ ನಾಡಿನ ಕೊರತೆಯನ್ನು ಅಳಲಾಗಿ ಹೇಳಲಿಲ್ಲ, ಟಿಎಂಸಿಯಲ್ಲಿ, ಕೋಟಿಯಲ್ಲಿ, ಕಿಲೋಮೀಟರಿನಲ್ಲಿ ಹೇಳಿದರು. ಅದಕ್ಕಾಗಿಯೇ ದಿಲ್ಲಿ ಕೇಳಿತು. ಸಿಂದಗಿಯ ಗುರುವಿನಿಂದ ಪೈಠಣದ ಶಿಷ್ಯ ಹೋರಾಟವನ್ನು ಕಲಿತರು. ಪೈಠಣದ ಆ ಶಿಷ್ಯನಿಂದ ಗಡಿನಾಡಿನ ಕನ್ನಡಿಗರು ಲೆಕ್ಕ ಹಿಡಿಯುವುದನ್ನು ಕಲಿತರೆ ಋಣ ತೀರಿದಂತಾದೀತು. ನಮ್ಮ ತಾಲೂಕುಗಳ ಹೆಸರನ್ನು ಪಟ್ಟಿಯಲ್ಲಿ ಬರೆಯಲು ಇನ್ನೊಂದು ಭೂಕಂಪಕ್ಕಾಗಿ ಯಾರೂ ಕಾಯುವಂತಾಗದಿರಲಿ.